ಮಕ್ಕಳ ಜೊತೆ ಬೆಂಗಳೂರು: ಊರಲ್ಲಿ ಇಲ್ಲದ್ದನ್ನು ತೋರಿಸೋಣ

ಇಲ್ಲಿ ಕೂತವರಲ್ಲಿ ಹೆಚ್ಚಿನವರು ಅಪ್ಪ ಅಮ್ಮಂದಿರು. ಮೊಮ್ಮಕ್ಕಳ ಜವಾಬ್ದಾರಿ ಹೊತ್ತ ಅಜ್ಜ ಅಜ್ಜಿಯರೂ ಇದ್ದೀರಿ. ಮಡಿಕೇರಿಯವರು, ವಿರಾಜಪೇಟೆಯವರು, ಸೋಮವಾರಪೇಟೆ ಕಡೆಯವರು ಎಲ್ಲರೂ ಬಂದಿದ್ದೀರಿ. ನಿಮ್ಮೆಲ್ಲರ ಮನೆಯಲ್ಲೂ ವರ್ಷಕ್ಕೊಮ್ಮೆಯಾದರೂ ಒಂದು ಮಾತು ಬರುತ್ತದೆ. "ಈ ರಜೆಯಲ್ಲಿ ಮಕ್ಕಳನ್ನು ಬೆಂಗಳೂರಿಗೆ ಕರೆದುಕೊಂಡು ಹೋಗೋಣ." ನಾನು ಇವತ್ತು ಆ ಪ್ರವಾಸದ ಬಗ್ಗೆ ಮಾತ್ರ ಮಾತಾಡುತ್ತೇನೆ. ಎಲ್ಲಿ ಹೋಗಬೇಕು, ಎಲ್ಲಿ ಹೋಗದಿದ್ದರೂ ನಡೆಯುತ್ತದೆ, ಹೇಗೆ ಹೋಗಬೇಕು ಅಂತ. ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗುತ್ತಿದ್ದ ಟೀಚರ್ ಆಗಿ, ಆಮೇಲೆ ನನ್ನ ಮಕ್ಕಳ ಅಮ್ಮನಾಗಿ ಕಂಡದ್ದನ್ನು ಹೇಳುತ್ತೇನೆ.

ಮೊದಲು ಒಂದು ವಿಷಯ ನೆನಪು ಮಾಡಿಕೊಳ್ಳಿ. ಶನಿವಾರ ಬೆಳಗ್ಗೆ ಬೆಂಗಳೂರಿನಿಂದ ಕಾರುಗಳು ನಮ್ಮೂರಿಗೆ ಬರುತ್ತವೆ. ಹಿಂದಿನ ಸೀಟಿನಲ್ಲಿ ಮಕ್ಕಳು. ದುಬಾರೆ, ನಿಸರ್ಗಧಾಮ, ಅಬ್ಬಿ ಜಲಪಾತ, ರಾಜಾಸೀಟ್, ತಲಕಾವೇರಿ, ಎಲ್ಲವೂ ಎರಡೇ ದಿನದಲ್ಲಿ ಮುಗಿಯಬೇಕು. ಭಾನುವಾರ ಸಂಜೆ ಸುಂಟಿಕೊಪ್ಪದ ಹತ್ತಿರ ರಸ್ತೆ ಪಕ್ಕ ನಿಂತ ಕಾರಿನಲ್ಲಿ ಮಗು ಅಳುತ್ತಿರುತ್ತದೆ. ಅಪ್ಪ ಅಮ್ಮ ಇಬ್ಬರಿಗೂ ಸುಸ್ತು. ಆ ಮಗುವಿಗೆ ಕೊಡಗು ಅಂದರೆ ಕಾರಿನ ಕಿಟಕಿ, ಅಷ್ಟೇ. ಕಾಫಿ ಗಿಡ ಮುಟ್ಟಿರುವುದಿಲ್ಲ, ಜಿಗಣೆ ನೋಡಿರುವುದಿಲ್ಲ. ನೋಡಿದಾಗ ಪಾಪ ಅನಿಸುತ್ತದೆ ಅಲ್ವಾ? ಬೆಂಗಳೂರಿಗೆ ಹೋದಾಗ ನಾವೂ ನಮ್ಮ ಮಕ್ಕಳಿಗೆ ಅದನ್ನೇ ಮಾಡುತ್ತೇವೆ. ಬೆಳಗ್ಗೆ ಬನ್ನೇರುಘಟ್ಟ, ಮಧ್ಯಾಹ್ನ ಲಾಲ್‌ಬಾಗ್, ಸಂಜೆ ವಿಧಾನಸೌಧದ ಮುಂದೆ ಫೋಟೊ, ರಾತ್ರಿ ಮಾಲ್. ನಡುವೆ ನಾಲ್ಕು ತಾಸು ಟ್ರಾಫಿಕ್‌ನಲ್ಲಿ.

ನಾನು ಹೇಳಬೇಕೆಂದಿರುವುದು ಇಷ್ಟು. ಒಂದು ದಿನಕ್ಕೆ ಒಂದೇ ಕಡೆ ಹೋಗಿ. ಆ ಒಂದು ಜಾಗ ನಮ್ಮ ಊರಲ್ಲಿ ಇಲ್ಲದ್ದಾಗಿರಲಿ.

ಎರಡನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೆಂಗಳೂರಿನಲ್ಲಿ ಮಕ್ಕಳ ಜೊತೆ ಹೋಗಬಹುದಾದ ಜಾಗಗಳ ಪಟ್ಟಿ ಕೇಳಿದರೆ ಮೊದಲು ಬರುವುದು ಪಾರ್ಕು, ಕೆರೆ, ಸಫಾರಿ. ಅದು ಅಲ್ಲಿನ ಮಕ್ಕಳಿಗೆ ಸರಿ. ಅವರಿಗೆ ಮರ ಬೇಕು, ಮಣ್ಣು ಬೇಕು. ನಮ್ಮ ಮಕ್ಕಳಿಗೆ ಮನೆಯಿಂದ ಹೊರಗೆ ಕಾಲಿಟ್ಟರೆ ಬಳಂಜಿ ಮರ, ತೋಡು, ಹಕ್ಕಿ ಎಲ್ಲ ಇದೆ. ಆನೆಯಂತೂ ಕೇಳಲೇಬೇಡಿ. ತೋಟಕ್ಕೆ ಆನೆ ಬಂದಿದೆ ಅಂತ ಶಾಲೆಗೆ ಹೋಗದೆ ಮನೆಯಲ್ಲೇ ಕೂತ ಮಕ್ಕಳು ನಮ್ಮಲ್ಲಿ ಎಷ್ಟು ಜನ ಇದ್ದಾರೆ! ಅವರನ್ನು ಆರು ತಾಸು ಬಸ್ಸಿನಲ್ಲಿ ಕೂರಿಸಿ, ಜಾಲರಿ ಹಾಕಿದ ಇನ್ನೊಂದು ಬಸ್ಸಿಗೆ ಹತ್ತಿಸಿ ಆನೆ ತೋರಿಸುವುದು ಬೇಡ. ಬನ್ನೇರುಘಟ್ಟ ಒಳ್ಳೆಯ ಜಾಗವೇ. 2006ರಲ್ಲಿ ಶುರುವಾದ ಅಲ್ಲಿನ ಚಿಟ್ಟೆ ಉದ್ಯಾನ ದೇಶದಲ್ಲೇ ಮೊದಲನೆಯದು. ಆದರೆ ನಮ್ಮ ಮಕ್ಕಳಿಗೆ ಅದು ಕೊನೆಗೆ ಬರಲಿ.

ಹಾಗಾದರೆ ನಮ್ಮಲ್ಲಿ ಇಲ್ಲದ್ದು ಏನು? ಮೊದಲನೆಯದು ರೈಲು. ಕೊಡಗು ಜಿಲ್ಲೆಯಲ್ಲಿ ರೈಲು ಹಳಿಯೇ ಇಲ್ಲ. ಹತ್ತು ವರ್ಷ ತುಂಬಿದರೂ ರೈಲು ಹತ್ತದ ಮಕ್ಕಳು ಈ ಊರಲ್ಲಿ ಇದ್ದಾರೆ. ಆದ್ದರಿಂದ ಪ್ರವಾಸ ಬೆಂಗಳೂರಿನಲ್ಲಿ ಶುರುವಾಗುವುದಿಲ್ಲ, ಮೈಸೂರು ರೈಲು ನಿಲ್ದಾಣದಲ್ಲಿ ಶುರುವಾಗುತ್ತದೆ. ಮಡಿಕೇರಿಯಿಂದ ಮೈಸೂರಿಗೆ ಬಸ್ಸು, ಅಲ್ಲಿಂದ ಬೆಂಗಳೂರಿಗೆ ರೈಲು. ನೇರ ಬಸ್ಸಿಗಿಂತ ಸ್ವಲ್ಪ ಹೊತ್ತು ಜಾಸ್ತಿ ಹಿಡಿಯಬಹುದು. ಹಿಡಿಯಲಿ. ಐದು ವರ್ಷದ ಒಳಗಿನ ಮಕ್ಕಳಿಗೆ ರೈಲಿನಲ್ಲಿ ಟಿಕೆಟ್ ಬೇಡ. ವಂದೇ ಭಾರತ್ 2022ರಿಂದ ಮೈಸೂರಿಗೂ ಬರುತ್ತಿದೆ, ಎರಡು ತಾಸಿನಲ್ಲಿ ಬೆಂಗಳೂರು ಮುಟ್ಟಿಸುತ್ತದೆ. ಆದರೆ ಚಿಕ್ಕ ಮಕ್ಕಳ ಜೊತೆಗೆ ನಾನು ಮಾಮೂಲಿ ರೈಲನ್ನೇ ಹೇಳುತ್ತೇನೆ. ಕಿಟಕಿಯಿಂದ ಗಾಳಿ ಬರಬೇಕು. ಮದ್ದೂರು ವಡೆ ಬುಟ್ಟಿ ಹಿಡಿದು ಬರುವವರ ಕೂಗು ಕೇಳಬೇಕು.

ಆ ದಾರಿಯಲ್ಲಿ ಮಕ್ಕಳಿಗೆ ಒಂದು ಕೆಲಸ ಕೊಡಿ. ಕಾವೇರಿಯನ್ನು ಎಷ್ಟು ಸಲ ದಾಟುತ್ತೇವೆ ಅಂತ ಲೆಕ್ಕ ಇಡಲಿ. ಕುಶಾಲನಗರದ ಸೇತುವೆ ಮೇಲೆ ಬಸ್ಸಿನಲ್ಲಿ ಒಂದು ಸಲ. ಮೈಸೂರು ಬಿಟ್ಟ ಮೇಲೆ ಶ್ರೀರಂಗಪಟ್ಟಣದಲ್ಲಿ ರೈಲು ಎರಡು ಸಲ ದಾಟುತ್ತದೆ. ಒಂದೇ ಊರಲ್ಲಿ ಎರಡು ಸಲ ಯಾಕೆ? ಉತ್ತರ ಹೇಳಬೇಡಿ, ಮಕ್ಕಳನ್ನೇ ಕೇಳಿ. ನದಿ ಕವಲೊಡೆದು ಊರನ್ನು ದ್ವೀಪ ಮಾಡಿದೆ ಅನ್ನುವುದನ್ನು ಭೂಗೋಳದ ಪಾಠದಲ್ಲಿ ಓದಿರುತ್ತಾರೆ. ರೈಲಿನ ಸದ್ದು ಸೇತುವೆ ಮೇಲೆ ಬದಲಾಗುವುದನ್ನು ಎರಡು ಸಲ ಕೇಳಿದ ಮೇಲೆ ಅದು ಪಾಠವಾಗಿ ಉಳಿಯುವುದಿಲ್ಲ, ಕಂಡ ವಿಷಯವಾಗುತ್ತದೆ. ಆಮೇಲೆ ಮಂಡ್ಯದ ಕಬ್ಬು, ಚನ್ನಪಟ್ಟಣದ ಬಣ್ಣದ ಗೊಂಬೆ, ರಾಮನಗರದ ಬೋಳು ಬಂಡೆಗಳು. ಎಲ್ಲಾ ಕಡೆ ಹಸಿರು ಹೊದ್ದ ಗುಡ್ಡಗಳನ್ನೇ ನೋಡಿ ಬೆಳೆದ ಮಕ್ಕಳಿಗೆ ಆ ಬಂಡೆಗಳು ಆಶ್ಚರ್ಯ.

ಮೈಸೂರಿನ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಮಕ್ಕಳು ಆರು ವರ್ಷದ ಒಳಗಿನವರಾದರೆ ಬೆಂಗಳೂರಿನ ಆಸೆ ಸದ್ಯಕ್ಕೆ ಬಿಡಿ. ಮೈಸೂರೇ ಅವರಿಗೆ ದೊಡ್ಡ ಪಟ್ಟಣ. ರೈಲು ನಿಲ್ದಾಣದ ಹತ್ತಿರವೇ ರೈಲು ವಸ್ತುಸಂಗ್ರಹಾಲಯ ಇದೆ, 1979ರದ್ದು. ಹಳೆಯ ಉಗಿಬಂಡಿಗಳನ್ನು ಮುಟ್ಟಬಹುದು, ಪುಟ್ಟ ರೈಲಿನಲ್ಲಿ ಒಂದು ಸುತ್ತು ಬರಬಹುದು. 1892ರಲ್ಲಿ ಶುರುವಾದ ಮೃಗಾಲಯದಲ್ಲಿ ಜಿರಾಫೆ ಇದೆ, 2021ರಲ್ಲಿ ಜರ್ಮನಿಯಿಂದ ಬಂದ ಗೊರಿಲ್ಲಾಗಳಿವೆ. ಅವು ನಮ್ಮ ಕಾಡಲ್ಲಿ ಇಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಮಂಗಳವಾರ ಮೃಗಾಲಯಕ್ಕೆ ರಜೆ, ನೆನಪಿಡಿ. ಭಾನುವಾರ ಹೋದರೆ ಸಂಜೆ ಏಳಕ್ಕೆ ಅರಮನೆಯ ಸುಮಾರು ಒಂದು ಲಕ್ಷ ದೀಪಗಳು ಒಟ್ಟಿಗೆ ಹತ್ತಿಕೊಳ್ಳುವುದನ್ನು ನೋಡಬಹುದು. ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟಿಲ್ಲದೆ ಕೂರುವ ಹಳ್ಳಿಗಳ ಮಕ್ಕಳು ಆ ಕ್ಷಣ ಹೇಗೆ ಉಸಿರು ಬಿಗಿಹಿಡಿಯುತ್ತಾರೆ ಅನ್ನುವುದನ್ನು ನೋಡುವುದಕ್ಕಾದರೂ ಹೋಗಬೇಕು.

ಈಗ ಬೆಂಗಳೂರು. ಅಲ್ಲಿ ಮೊದಲ ದಿನ ಮೆಟ್ರೊ. 2011ರ ಅಕ್ಟೋಬರ್‌ನಲ್ಲಿ ಎಂ.ಜಿ. ರೋಡಿನಿಂದ ಬೈಯಪ್ಪನಹಳ್ಳಿಯವರೆಗೆ ಶುರುವಾದದ್ದು ಈಗ ಊರಿನ ಉದ್ದಗಲಕ್ಕೂ ಹಬ್ಬಿದೆ. ನೇರ ಬಸ್ಸಿನಲ್ಲಿ ಬಂದವರು ಮೆಜೆಸ್ಟಿಕ್‌ವರೆಗೆ ಹೋಗಬೇಕಾಗಿಯೇ ಇಲ್ಲ. ಕೆಂಗೇರಿಯಲ್ಲಿ ಇಳಿದು ನೇರಳೆ ಮಾರ್ಗ ಹಿಡಿಯಿರಿ. ಸ್ಯಾಟಲೈಟ್ ಬಸ್ ನಿಲ್ದಾಣದಲ್ಲಿ ಇಳಿದರೆ ದೀಪಾಂಜಲಿ ನಗರ ನಿಲ್ದಾಣ ಹತ್ತಿರ. ಅಲ್ಲಿಂದ ಕಬ್ಬನ್ ಪಾರ್ಕಿಗೆ ಟ್ರಾಫಿಕ್ ಇಲ್ಲದೆ ಹೋಗಬಹುದು. ಮೊದಲು ಮೇಲ್ಸೇತುವೆ, ಆಮೇಲೆ ನೆಲದ ಒಳಗೆ. ಹಗಲಿನಲ್ಲಿ ಓಡುತ್ತಿದ್ದ ರೈಲು ಒಮ್ಮೆಲೇ ಕತ್ತಲೆಗೆ ನುಗ್ಗಿದಾಗ ಮಕ್ಕಳು ಕೂಗುತ್ತಾರೆ. ಕೂಗಲಿ ಬಿಡಿ.

ಹತ್ತು ದಾಟಿದ ಮಕ್ಕಳಿದ್ದರೆ ಮೆಟ್ರೊ ನಕ್ಷೆಯನ್ನು ಅವರ ಕೈಗೆ ಕೊಡಿ. ಯಾವ ಬಣ್ಣದ ಮಾರ್ಗ, ಎಲ್ಲಿ ಬದಲಾಯಿಸಬೇಕು, ಯಾವ ಕಡೆಯ ಪ್ಲಾಟ್‌ಫಾರಂ, ಎಲ್ಲವನ್ನೂ ಅವರೇ ಹೇಳಲಿ. ನೀವು ಹಿಂದೆ ನಡೆಯಿರಿ. ತಪ್ಪು ಕಡೆ ಹೋದರೆ ಮುಂದಿನ ನಿಲ್ದಾಣದಲ್ಲಿ ಇಳಿದು ವಾಪಸ್ ಬಂದರಾಯಿತು. ನಿಲ್ದಾಣಗಳ ಹೆಸರು ಕನ್ನಡದಲ್ಲೂ ಬರೆದಿದೆ, ಕನ್ನಡದಲ್ಲೂ ಕೂಗಿ ಹೇಳುತ್ತಾರೆ. ಬೆಂಗಳೂರಿನಲ್ಲಿ ಬಾಯಿ ಬಿಡಲು ಹೆದರುವ ಮಕ್ಕಳು ನಮ್ಮಲ್ಲಿ ಇದ್ದಾರೆ. ಇಂಗ್ಲಿಷ್ ಬರುವುದಿಲ್ಲ, ಹಿಂದಿ ಬರುವುದಿಲ್ಲ ಅನ್ನುವ ಅಂಜಿಕೆ. ಅಪ್ಪ ಅಮ್ಮನನ್ನು ತಾನೇ ದಾರಿ ತೋರಿಸಿ ಕರೆದುಕೊಂಡು ಹೋದ ಮಗುವಿಗೆ ಆ ಅಂಜಿಕೆ ಕಡಿಮೆಯಾಗುತ್ತದೆ. ಪಿಯುಸಿ ಮುಗಿಸಿ ಅದೇ ಊರಿಗೆ ಓದಲು ಹೋಗುವವರು ಇದೇ ಮಕ್ಕಳು ತಾನೇ?

ಇನ್ನು, ಇಡೀ ಊರಲ್ಲಿ ಒಂದೇ ಜಾಗ ತೋರಿಸಲು ಸಾಧ್ಯ ಅಂದರೆ ಯಾವುದು ಅಂತ ನನ್ನನ್ನು ಕೇಳುತ್ತಾರೆ. ನನ್ನ ಉತ್ತರ ಯಾವತ್ತೂ ಒಂದೇ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ. 1962ರಲ್ಲಿ ನೆಹರೂ ಕಟ್ಟಡವನ್ನು ಉದ್ಘಾಟಿಸಿದರು, 1965ರಲ್ಲಿ ಮೊದಲ ವಿಭಾಗ ಜನರಿಗೆ ತೆರೆಯಿತು. ಕಬ್ಬನ್ ಪಾರ್ಕ್ ನಿಲ್ದಾಣದಿಂದ ನಡೆದೇ ಹೋಗಬಹುದು. ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ, ಸಂಜೆವರೆಗೂ ಇರಿ. ಎರಡು ತಾಸಿನಲ್ಲಿ ಮುಗಿಸುವ ಜಾಗ ಅಲ್ಲ ಅದು. ಅಲ್ಲಿ "ಮುಟ್ಟಬೇಡಿ" ಅನ್ನುವುದಕ್ಕಿಂತ "ಒತ್ತಿ ನೋಡಿ, ತಿರುಗಿಸಿ ನೋಡಿ" ಅನ್ನುವುದೇ ಜಾಸ್ತಿ.

ಒಂದು ಸಲ ಶಾಲೆಯ ಮಕ್ಕಳ ಜೊತೆ ಹೋಗಿದ್ದಾಗ ಒಬ್ಬ ಹುಡುಗ ಯಂತ್ರಗಳ ವಿಭಾಗ ಬಿಟ್ಟು ಬರಲೇ ಇಲ್ಲ. ಭಾಗಮಂಡಲದ ಕಡೆಯವನು. ತರಗತಿಯಲ್ಲಿ ಬಾಯಿ ಬಿಡದ ಹುಡುಗ. ಹಲ್ಲಿನ ಚಕ್ರಗಳನ್ನು ತಿರುಗಿಸುತ್ತಾ ನಿಂತಿದ್ದ. ದೊಡ್ಡ ಚಕ್ರ ಒಂದು ಸುತ್ತು ಬಂದರೆ ಸಣ್ಣದು ಎಷ್ಟು ಸುತ್ತು ಬರುತ್ತದೆ ಅಂತ ಎಣಿಸುತ್ತಿದ್ದ. ನಾನು ಹತ್ತಿರ ಹೋದಾಗ, "ಟೀಚರ್, ಇದು ನಮ್ಮ ಪಲ್ಪರಲ್ಲಿ ಇದೆ" ಅಂದ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್! ಅದನ್ನು ವರ್ಷ ವರ್ಷ ನೋಡಿದ್ದಾನೆ, ಕೈ ಹಾಕಬೇಡ ಅಂತ ಬೈಸಿಕೊಂಡಿದ್ದಾನೆ. ಒಳಗೆ ಏನಾಗುತ್ತದೆ ಅನ್ನುವುದು ಅವತ್ತು ಬಿಚ್ಚಿಕೊಂಡಿತು. ಮಿಕ್ಕ ಮಕ್ಕಳು ಡೈನೋಸಾರ್ ಹತ್ತಿರ ಫೋಟೊ ತೆಗೆಸಿಕೊಂಡರು, ಅವನಿಗೆ ಅದರ ನೆನಪೂ ಇರಲಿಲ್ಲ. ನಾನು ಅವನನ್ನು ಅಲ್ಲಿಂದ ಕದಲಿಸಲಿಲ್ಲ. ಗುಂಪಿನ ಜೊತೆ ಇನ್ನೊಬ್ಬ ಟೀಚರ್ ಹೋದರು, ನಾನು ಅವನ ಪಕ್ಕದಲ್ಲೇ ಕೂತೆ.

ಇದಕ್ಕೇ ನಾನು ಒಂದು ದಿನಕ್ಕೆ ಒಂದೇ ಕಡೆ ಅಂತ ಹಟ ಹಿಡಿಯುವುದು. ಮಗು ಎಲ್ಲಿ ನಿಲ್ಲುತ್ತದೆ ಅಂತ ಮೊದಲೇ ಯಾರಿಗೂ ಗೊತ್ತಿರುವುದಿಲ್ಲ. ನಿಂತಾಗ ನಾವು "ಬಾ ಬಾ, ಹೊತ್ತಾಯ್ತು" ಅಂತ ಕೈ ಎಳೆಯಬಾರದು. ಮುಂದೆ ಇನ್ನೊಂದು ಜಾಗ ಇಟ್ಟುಕೊಂಡರೆ ಎಳೆಯದೆ ಬೇರೆ ದಾರಿಯೇ ಇರುವುದಿಲ್ಲ.

ಅದೇ ಕಟ್ಟಡದಲ್ಲಿ ರೈಟ್ ಸಹೋದರರ ವಿಮಾನದ ಮಾದರಿ ಇದೆ, ನಿಜವಾದದ್ದರಷ್ಟೇ ದೊಡ್ಡದು. 1903ರಲ್ಲಿ ಅದು ಮೊದಲ ಸಲ ಹಾರಿದಾಗ ಗಾಳಿಯಲ್ಲಿದ್ದದ್ದು 12 ಸೆಕೆಂಡು, ದಾಟಿದ ದೂರ 120 ಅಡಿ. ನಮ್ಮಲ್ಲಿ ಒಂದು ದೊಡ್ಡ ಕಾಫಿ ಕಣದ ಉದ್ದ ಅಷ್ಟೇ! ಮಕ್ಕಳಿಗೆ ಹಾಗೇ ಹೇಳಿ. ಮನೆಗೆ ಬಂದ ಮೇಲೆ ಕಣದಲ್ಲಿ ಅಳೆದು ಓಡಲಿ.

ವಿಮಾನದಲ್ಲಿ ಆಸಕ್ತಿ ಇರುವ ಮಗು ನಿಮ್ಮಲ್ಲಿದ್ದರೆ ಇನ್ನೊಂದು ದಿನವನ್ನು ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಇಡಿ. ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲಿದೆ, 2001ರಲ್ಲಿ ಶುರುವಾಯಿತು. 1961ರಲ್ಲಿ ಮೊದಲು ಹಾರಿದ ಮಾರುತ್, ಬೆಂಗಳೂರಿನಲ್ಲೇ ತಯಾರಾದ ಯುದ್ಧವಿಮಾನ, ಅಲ್ಲಿ ಹತ್ತಿರದಿಂದ ನೋಡಲು ಸಿಗುತ್ತದೆ. ಅಲ್ಲಿ ನಿಂತು ನಮ್ಮ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ಕಥೆ ಹೇಳಿ. 1965ರ ಯುದ್ಧದಲ್ಲಿ ತಮ್ಮದಕ್ಕಿಂತ ಎಷ್ಟೋ ವೇಗದ, ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವನ್ನು ಎದುರಿಸಿ ಹೊಡೆದು ಉರುಳಿಸಿದವರು, ಅಲ್ಲೇ ಪ್ರಾಣ ಕೊಟ್ಟವರು. ಆ ಸಂಗತಿ ಹೊರಬರಲು ವರ್ಷಗಳೇ ಹಿಡಿದವು, ಮಹಾವೀರ ಚಕ್ರ ಸಿಕ್ಕಿದ್ದು 1988ರಲ್ಲಿ. ಮಡಿಕೇರಿಯಲ್ಲಿ ಹೆಸರು ಕೇಳಿರುತ್ತಾರೆ. ಯುದ್ಧವಿಮಾನದ ಕಾಕ್‌ಪಿಟ್ ಎಷ್ಟು ಇಕ್ಕಟ್ಟು ಅಂತ ಕಣ್ಣಾರೆ ನೋಡಿದಾಗ ಆ ಕಥೆ ಬೇರೆ ಥರ ಕೇಳಿಸುತ್ತದೆ.

ಹಾಗೇ ಇನ್ನೊಂದು. ರೆಸಿಡೆನ್ಸಿ ರಸ್ತೆಯ ಅಧಿಕೃತ ಹೆಸರು ಫೀಲ್ಡ್ ಮಾರ್ಷಲ್ ಕಾರ್ಯಪ್ಪ ರಸ್ತೆ. ರಿಚ್ಮಂಡ್ ರಸ್ತೆಯದು ಜನರಲ್ ತಿಮ್ಮಯ್ಯ ರಸ್ತೆ. ಜನ ಹಳೆ ಹೆಸರನ್ನೇ ಹೇಳುತ್ತಾರೆ. ಬೋರ್ಡಿನಲ್ಲಿ ಹೊಸ ಹೆಸರು ಯಾರು ಮೊದಲು ಹುಡುಕುತ್ತಾರೆ ಅಂತ ಮಕ್ಕಳಲ್ಲಿ ಪಂದ್ಯ ಇಡಿ. ದೊಡ್ಡ ಊರಿನ ನಡುವೆ ನಮ್ಮೂರಿನವರ ಹೆಸರು ಸಿಕ್ಕಾಗ ಮಕ್ಕಳ ಮುಖ ಅರಳುತ್ತದೆ.

ತಾರಾಲಯದ ಬಗ್ಗೆ ನನಗೆ ಬಹಳ ಹೇಳುವುದಿದೆ. ಜವಾಹರಲಾಲ್ ನೆಹರು ತಾರಾಲಯ 1989ರಲ್ಲಿ ಶುರುವಾದದ್ದು. ಸೋಮವಾರ ರಜೆ. ಕನ್ನಡದಲ್ಲಿ ಪ್ರದರ್ಶನ ಇರುತ್ತದೆ, ಅದರ ಹೊತ್ತು ಕೇಳಿಕೊಂಡೇ ಹೋಗಿ. ಕತ್ತಲಲ್ಲಿ ಒರಗಿ ಕೂತು ಕನ್ನಡದಲ್ಲಿ ನಕ್ಷತ್ರಗಳ ವಿಷಯ ಕೇಳುವುದು ನಮ್ಮ ಮಕ್ಕಳಿಗೆ ಸುಲಭಕ್ಕೆ ಸಿಗುವುದಿಲ್ಲ. ಹೊರಗೆ ವಿಜ್ಞಾನ ಉದ್ಯಾನವೂ ಇದೆ, ಅಲ್ಲಿ ಆಡಬಹುದು.

ಈಗ ಯೋಚನೆ ಮಾಡಿ. ಬೆಂಗಳೂರಿನ ಮಗು ಆ ಗುಮ್ಮಟದಿಂದ ಹೊರಗೆ ಬಂದು ರಾತ್ರಿ ತಲೆ ಎತ್ತಿದರೆ ಕಾಣುವುದು ಬೀದಿ ದೀಪದ ಬೆಳಕು, ನಾಲ್ಕೈದು ನಕ್ಷತ್ರ. ನಮ್ಮ ಮಗು ಮನೆಗೆ ಬಂದು ಅಂಗಳದಲ್ಲಿ ನಿಂತರೆ ಇಡೀ ಆಕಾಶ ಇದೆ. ಮಳೆಗಾಲದಲ್ಲಿ ಏನೂ ಕಾಣುವುದಿಲ್ಲ, ಸರಿ. ಆದರೆ ಕಾಫಿ ಕೊಯ್ಲಿನ ಚಳಿ ರಾತ್ರಿಗಳಲ್ಲಿ ಮೋಡವೇ ಇರುವುದಿಲ್ಲ. ಆಗ ಮಹಾವ್ಯಾಧ ಎಲ್ಲಿದ್ದಾನೆ, ಕೃತ್ತಿಕೆ ಎಲ್ಲಿದೆ ಅಂತ ಹುಡುಕಬಹುದು. ತಾರಾಲಯ ಬೆಂಗಳೂರಿನಲ್ಲಿದೆ, ಅದರಿಂದ ಜಾಸ್ತಿ ಲಾಭ ಆಗುವುದು ನಮಗೆ. ಹಾಗಾಗಿ ಡಿಸೆಂಬರ್‌ನಲ್ಲಿ ಹೋಗಿ ಬನ್ನಿ ಅಂತ ಎಲ್ಲರಿಗೂ ಹೇಳುತ್ತೇನೆ. ಕಲಿತದ್ದು ಮರೆಯುವ ಮೊದಲೇ ಅಂಗಳದಲ್ಲಿ ನೋಡಬಹುದು.

ಇನ್ನೊಂದು ಜಾಗ ಇದೆ. ಯಾವ ಪ್ರವಾಸಿ ಪಟ್ಟಿಯಲ್ಲೂ ಇಲ್ಲದ್ದು, ಟಿಕೆಟ್ ಇಲ್ಲದ್ದು. ನೀವು ಉಳಿದುಕೊಳ್ಳುವ ಚಿಕ್ಕಮ್ಮನ ಮನೆಯ ಅಡುಗೆಮನೆ ನಲ್ಲಿ. ಅವರ ಮನೆಗೆ ಕಾವೇರಿ ಸಂಪರ್ಕ ಇದೆಯಾ ಅಂತ ಕೇಳಿ. ಇದ್ದರೆ ಮಕ್ಕಳನ್ನು ಕರೆದು ನಲ್ಲಿ ತಿರುಗಿಸಿ. ಇದು ತಲಕಾವೇರಿಯಿಂದ ಹೊರಟ ನೀರು. ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧ ಮಾಡಿ, ಸುಮಾರು 100 ಕಿಲೋಮೀಟರ್ ದೂರ ಕೊಳವೆಯಲ್ಲಿ ತರುತ್ತಾರೆ. ಬೆಂಗಳೂರು ನದಿಗಿಂತ ಬಹಳ ಎತ್ತರದಲ್ಲಿದೆ. ಹಾಗಾಗಿ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ, ಹೀಗೆ ಮೂರು ಹಂತದಲ್ಲಿ ಪಂಪ್ ಮಾಡಿ ಸುಮಾರು ಅರ್ಧ ಕಿಲೋಮೀಟರ್ ಮೇಲಕ್ಕೆ ಎತ್ತಬೇಕು. ಮೊದಲ ಹಂತದ ನೀರು ಬಂದದ್ದು 1974ರಲ್ಲಿ. ಐದನೇ ಹಂತ ಶುರುವಾದದ್ದು 2024ರ ಅಕ್ಟೋಬರ್‌ನಲ್ಲಿ, ಅದೊಂದರಿಂದಲೇ ದಿನಕ್ಕೆ 77.5 ಕೋಟಿ ಲೀಟರ್.

ಅದೇ ವರ್ಷದ ಮಾರ್ಚ್‌ನಲ್ಲಿ ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ಕೊಳವೆಬಾವಿ ಬತ್ತಿ ಜನ ಟ್ಯಾಂಕರ್‌ಗೆ ಕಾಯುತ್ತಿದ್ದರು. ಆ ದಿನಗಳ ಬಗ್ಗೆ ಚಿಕ್ಕಮ್ಮನ ಮಕ್ಕಳೇ ನಮ್ಮ ಮಕ್ಕಳಿಗೆ ಹೇಳಲಿ. ಬಕೆಟ್ ಲೆಕ್ಕ ಇಟ್ಟು ಸ್ನಾನ ಮಾಡಿದ್ದು, ಪಾತ್ರೆ ತೊಳೆದ ನೀರನ್ನು ಗಿಡಕ್ಕೆ ಹಾಕಿದ್ದು. ನಮ್ಮ ಮಕ್ಕಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯನ್ನು ಬೈದುಕೊಂಡು ಬೆಳೆದವರು. ಬಟ್ಟೆ ಒಣಗುವುದಿಲ್ಲ, ಆಟಕ್ಕೆ ಹೋಗಲಾಗುವುದಿಲ್ಲ ಅಂತ. ಆ ಮಳೆ ಎಲ್ಲಿಗೆ ಹೋಗುತ್ತದೆ, ಯಾರು ಅದಕ್ಕೆ ಕಾದಿರುತ್ತಾರೆ ಅನ್ನುವುದು ಅವರಿಗೆ ಗೊತ್ತಾಗಬೇಕು. ಗದ್ದೆಗೆ ಮಣ್ಣು ತುಂಬಿ ಸೈಟ್ ಮಾಡುವುದು, ಕಾಡು ಕಡಿಯುವುದು ಯಾಕೆ ದೊಡ್ಡ ವಿಷಯ ಅಂತ ನಾನು ತರಗತಿಯಲ್ಲಿ ಎಷ್ಟು ಹೇಳಿದರೂ ಮುಟ್ಟುವುದಿಲ್ಲ. ಆ ನಲ್ಲಿಯ ಮುಂದೆ ನಿಂತಾಗ ಮುಟ್ಟುತ್ತದೆ.

ನಾಟಕ ತೋರಿಸಿ. ಜೆ.ಪಿ. ನಗರದ ರಂಗಶಂಕರ 2004ರಲ್ಲಿ ಶುರುವಾಯಿತು, ಶಂಕರ್ ನಾಗ್ ಅವರ ನೆನಪಿನಲ್ಲಿ ಕಟ್ಟಿದ್ದು. ಮಕ್ಕಳಿಗಾಗಿಯೇ ಅಲ್ಲಿ ನಾಟಕಗಳು ಆಗುತ್ತವೆ. ಹೊತ್ತಿಗೆ ಸರಿಯಾಗಿ ಬಾಗಿಲು ಹಾಕುತ್ತಾರೆ, ಒಂದು ನಿಮಿಷ ತಡವಾದರೂ ಒಳಗೆ ಬಿಡುವುದಿಲ್ಲ. ಅದು ಮಕ್ಕಳಿಗೆ ಒಳ್ಳೆಯದೇ. ಒಳಗೆ ಮೊಬೈಲ್ ಇಲ್ಲ, ಮಾತಿಲ್ಲ, ಎದುರಿಗೆ ನಿಜವಾದ ಮನುಷ್ಯರು. ಯಾವ ವಯಸ್ಸಿನ ಮಕ್ಕಳಿಗೆ ಆ ನಾಟಕ ಅಂತ ಮೊದಲೇ ವಿಚಾರಿಸಿ. ಅದೇ ಜೆ.ಪಿ. ನಗರದಲ್ಲಿ 2019ರಿಂದ ಸಂಗೀತದ ವಸ್ತುಸಂಗ್ರಹಾಲಯವೂ ಇದೆ. ಅಂಗಳದಲ್ಲಿ ಕಲ್ಲು, ಲೋಹ ಬಡಿದು ಸ್ವರ ಹೊರಡಿಸುವ ಸಾಧನಗಳಿವೆ. ದುಡಿ, ಕೊಂಬು, ವಾಲಗ ಕೇಳಿ ಬೆಳೆದ ಮಕ್ಕಳು ಅಲ್ಲಿ ಸುಮ್ನೆ ನಿಲ್ಲುವುದಿಲ್ಲ. ಒಂದೇ ದಿನದಲ್ಲಿ ಎರಡು ಕಡೆ ಬೇಡ ಅಂದೆ ನಿಜ. ಈ ಎರಡಕ್ಕೆ ಮಾತ್ರ ರಿಯಾಯಿತಿ, ಒಂದೇ ಬಡಾವಣೆಯಲ್ಲಿವೆ, ನಾಟಕ ಹೇಗೂ ಸಂಜೆ.

ಲಾಲ್‌ಬಾಗ್ ಹೋಗಲೇಬೇಕು ಅಂತ ಅಜ್ಜಿ ಹಟ ಹಿಡಿದರೆ ಹೋಗಿ. ಹೂವಿನ ಪ್ರದರ್ಶನದ ರಜಾದಿನ ಬೇಡ, ಆ ಜನಜಂಗುಳಿಯಲ್ಲಿ ಪುಟ್ಟ ಮಕ್ಕಳಿಗೆ ಕಾಣುವುದು ಬೇರೆಯವರ ಬೆನ್ನು ಮಾತ್ರ. ವಾರದ ದಿನ ಬೆಳಗ್ಗೆ ಹೋಗಿ, ನೇರ ಬಂಡೆ ಹತ್ತಿ. 300 ಕೋಟಿ ವರ್ಷ ಹಳೆಯ ಬಂಡೆ ಅದು. ಮೇಲೆ ಕೆಂಪೇಗೌಡ ಗೋಪುರ.

ಮಾಲ್ ಬಗ್ಗೆ ಕೇಳಿದಿರಿ. ಮಕ್ಕಳಿಗೆ ಆಸೆ ಇರುತ್ತದೆ, ಪೂರ್ತಿ ಬೇಡ ಅನ್ನಲಾರೆ. ಸಂಜೆ ಒಂದು ತಾಸು ಹೋಗಿ ಬನ್ನಿ. ಹಗಲನ್ನು ಅದಕ್ಕೆ ಕೊಡಬೇಡಿ. ಅದೇ ದುಡ್ಡಿನಲ್ಲಿ ಗಾಂಧಿ ಬಜಾರಿಗೆ ಕರೆದುಕೊಂಡು ಹೋಗಿ ಅಂಕಿತ ಪುಸ್ತಕ ಅನ್ನುವ ಅಂಗಡಿಯಲ್ಲಿ ಒಬ್ಬೊಬ್ಬ ಮಗುವಿಗೆ ಒಂದೊಂದು ಕನ್ನಡ ಪುಸ್ತಕ ಕೊಡಿಸಿ, ಮಗುವೇ ಆರಿಸಿಕೊಳ್ಳಲಿ. ಆಮೇಲೆ ವಿದ್ಯಾರ್ಥಿ ಭವನದ ದೋಸೆ, 1943ರಿಂದ ಇದೆ. ಮಾಣಿಗಳು ಒಂದೇ ತೋಳಿನ ಮೇಲೆ ಸಾಲಾಗಿ ದೋಸೆ ತಟ್ಟೆ ಜೋಡಿಸಿಕೊಂಡು ಬರುವುದನ್ನು ಮಕ್ಕಳು ಬಾಯಿ ಬಿಟ್ಟು ನೋಡುತ್ತಾರೆ. ಕಾರ್ತಿಕದ ಕೊನೆಯ ಸೋಮವಾರದ ಹೊತ್ತಿಗೆ ಹೋದರೆ ಅಲ್ಲೇ ಪಕ್ಕದಲ್ಲಿ, ದೊಡ್ಡ ಬಸವನ ಗುಡಿಯ ಹತ್ತಿರ ಕಡಲೆಕಾಯಿ ಪರಿಷೆ.

ಇನ್ನು ಜೋಪಾನದ ಮಾತು. ಮನೆಯಿಂದ ಹೊರಡುವಾಗ ಹೊಟ್ಟೆ ತುಂಬಾ ತಿನ್ನಿಸಬೇಡಿ, ಕುಶಾಲನಗರದವರೆಗಿನ ತಿರುವುಗಳಲ್ಲಿ ವಾಂತಿ ಗ್ಯಾರಂಟಿ. ಮಗುವಿನ ಜೇಬಿನಲ್ಲಿ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಇರಲಿ. ಕಳೆದುಹೋದರೆ ನಿಂತ ಜಾಗದಲ್ಲೇ ನಿಲ್ಲಬೇಕು, ಸಮವಸ್ತ್ರ ಹಾಕಿದವರನ್ನು ಕೇಳಬೇಕು ಅಂತ ಮೊದಲೇ ಹೇಳಿಕೊಡಿ. ಮಕ್ಕಳ ಸಹಾಯವಾಣಿ 1098, ತುರ್ತು ಕರೆಗೆ 112. ಎಸ್ಕಲೇಟರ್ ನಮ್ಮ ಮಕ್ಕಳಿಗೆ ಹೊಸದು. ಲಂಗದ ಅಂಚು, ಶೂ ಲೇಸು ಸಿಕ್ಕಿಕೊಳ್ಳದ ಹಾಗೆ ನೋಡಿ. ಹೆದರಿದ ಮಗುವನ್ನು ಬಲವಂತ ಮಾಡಬೇಡಿ, ಮೆಟ್ಟಿಲು ಇರುತ್ತದೆ.

ಖರ್ಚಿನ ವಿಷಯ ಹಿಂದಿನ ಸಾಲಿನಿಂದ ಕೇಳಿದರು. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ. ಅಮ್ಮ, ಅಜ್ಜಿ, ಹೆಣ್ಣುಮಕ್ಕಳು ಆಧಾರ್ ತೋರಿಸಿದರೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ರಾಜಹಂಸ, ಎಸಿ ಬಸ್ಸಿಗೆ ಇದು ನಡೆಯುವುದಿಲ್ಲ. ಬೆಂಗಳೂರಿನ ಒಳಗೂ ಸಾಮಾನ್ಯ ಬಿಎಂಟಿಸಿ ಬಸ್ಸಿನಲ್ಲಿ ಹೀಗೇ. ಉಳಿಯಲು ನೆಂಟರ ಮನೆ ಇದ್ದರೆ ಒಂದು ಕುಟುಂಬಕ್ಕೆ ಆಗುವ ಖರ್ಚು ಊಟ, ಪ್ರವೇಶದ ಟಿಕೆಟ್ಟು, ರೈಲು, ಮೆಟ್ರೊ. ಕಾರು ಬಿಟ್ಟು ಹೋಗಿ. ಪಾರ್ಕಿಂಗ್ ಹುಡುಕುವ ಅಪ್ಪನಿಗೆ ಮಗುವಿನ ಪ್ರಶ್ನೆಗೆ ಉತ್ತರ ಕೊಡಲು ಆಗುವುದಿಲ್ಲ.

ಯಾವಾಗ ಹೋಗುವುದು ಅಂದರೆ, ನಮ್ಮ ಕೆಲಸದ ಲೆಕ್ಕ ಬೇರೆ. ಡಿಸೆಂಬರ್‌ನಿಂದ ಫೆಬ್ರವರಿ, ಮಾರ್ಚ್‌ವರೆಗೆ ಕೊಯ್ಲು, ತೋಟ ಬಿಟ್ಟು ಬರಲಾಗುವುದಿಲ್ಲ. ಆಗ ಅಜ್ಜಿಯೋ ಚಿಕ್ಕಪ್ಪನೋ ಕರೆದುಕೊಂಡು ಹೋಗಲಿ, ಅಪ್ಪ ಅಮ್ಮನೇ ಆಗಬೇಕೆಂದಿಲ್ಲ. ದಸರಾ ರಜೆ ಚೆನ್ನ. ಜುಲೈನಲ್ಲಿ ಮಳೆ ಜಾಸ್ತಿ ಅಂತ ಶಾಲೆಗೆ ರಜೆ ಕೊಟ್ಟಾಗ ಹೊರಡಬೇಡಿ, ರಸ್ತೆ ಮೇಲೆ ಮರ ಬೀಳುವ ದಿನಗಳು ಅವು.

ತೋಟ ಇರುವವರಿಗೆ ಒಂದು ಕೇಳಿಕೆ ಇದೆ. ನಿಮ್ಮ ತೋಟದ ಕೆಲಸಗಾರರು ಇರುವ ಲೈನ್‌ಮನೆಗಳಲ್ಲಿ ಮಕ್ಕಳಿದ್ದಾರೆ. ಇಲ್ಲೇ ಹುಟ್ಟಿದವರು, ಅಸ್ಸಾಮಿನಿಂದ ಬಂದವರ ಮಕ್ಕಳು. ಕೊಯ್ಲಿನ ಸಮಯದಲ್ಲಿ ಅವರ ಅಪ್ಪ ಅಮ್ಮನಿಗೆ ಒಂದು ದಿನದ ಕೂಲಿ ಬಿಡುವುದೂ ಕಷ್ಟ, ಉಳಿದ ದಿನ ದುಡ್ಡಿರುವುದಿಲ್ಲ. ನಿಮ್ಮ ಮಗುವಿನ ಜೊತೆ ಅದೇ ವಯಸ್ಸಿನ ಒಂದು ಮಗುವನ್ನು ಕರೆದುಕೊಂಡು ಹೋಗಿ. ನಿಮ್ಮ ಮಗುವಿಗೂ ಜೊತೆ ಸಿಗುತ್ತದೆ, ದೊಡ್ಡವರ ಮೊಬೈಲ್ ಕೇಳುವುದು ನಿಲ್ಲುತ್ತದೆ. ಹೊರಡುವ ಮೊದಲು ಆ ಅಪ್ಪ ಅಮ್ಮನ ಜೊತೆ ಕೂತು ಎಲ್ಲಿ, ಯಾವಾಗ, ಯಾರ ಮನೆಯಲ್ಲಿ ಉಳಿಯುವುದು ಅಂತ ವಿವರವಾಗಿ ಹೇಳಿ. ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ, ಅವರ ಗುರುತಿನ ಚೀಟಿಯ ಪ್ರತಿ ಇಟ್ಟುಕೊಳ್ಳಿ, ಶಾಲೆಯ ಹೆಡ್‌ಮಾಸ್ಟರಿಗೂ ತಿಳಿಸಿ. ದಿನಾ ರಾತ್ರಿ ಮಗುವಿನಿಂದಲೇ ಮನೆಗೆ ಫೋನ್ ಮಾಡಿಸಿ. ಕೆಲವು ಶಾಲೆಗಳ ಟೀಚರುಗಳು ಇಲ್ಲೇ ಇದ್ದೀರಿ, ಯಾವ ಮಗುವನ್ನು ಕರೆದುಕೊಂಡು ಹೋಗಬಹುದು ಅನ್ನುವುದು ನಿಮಗೇ ಚೆನ್ನಾಗಿ ಗೊತ್ತು. ತೋಟದವರು ಚಹಾ ಕುಡಿಯುವಾಗ ಆ ಟೀಚರುಗಳನ್ನು ಮಾತಾಡಿಸಿ, ದಸರಾ ರಜೆಗೆ ಇನ್ನೂ ಸಮಯ ಇದೆ.